ಸಮಾನ ಹಕ್ಕಿನ ಜಾಥಾಕ್ಕೆ ಯಾವ ಲೆನ್ಸ್? 35 ಪ್ರೈಮ್ (ಜೂಮ್ ಇಲ್ಲದ್ದು) ಸಾಕಾ, 70-300 ಬೇಕಾ? (ಮಂಗಳೂರು)

ಪಾಂಡೇಶ್ವರ_ಫ್ರೇಮ್

ಎಲ್ಲರಿಗೂ ನಮಸ್ಕಾರ. ಮಾರ್ಚ್ 8ರ ವಾರದಲ್ಲಿ ಮಂಗಳೂರಲ್ಲಿ ಸಮಾನ ಹಕ್ಕು, ಸಮಾನ ಕೂಲಿ ಕೇಳಿ ಒಂದು ಜಾಥಾ ಉಂಟು. ಬೀಡಿ ಕಟ್ಟುವ ಹೆಂಗಸರು, ದಲಿತ ಸಂಘಟನೆಯವರು, ಲಿಂಗತ್ವ ಅಲ್ಪಸಂಖ್ಯಾತರು ಒಟ್ಟಿಗೆ ನಡೆಯುತ್ತಾರೆ. ಸಂಜೆ 4ಕ್ಕೆ ಜ್ಯೋತಿ ಸರ್ಕಲ್ಲಿನಿಂದ ಹೊರಟು ಹಂಪನಕಟ್ಟೆ ದಾಟಿ ಪುರಭವನದ ಎದುರು ಧರಣಿ, ಸಭೆ. ಕತ್ತಲಾದ ಮೇಲೆ ಮೇಣದಬತ್ತಿ ಹಚ್ಚುವುದು. ಸಂಘಟಕರಿಗೆ ದಾಖಲೆಗೂ ಪತ್ರಿಕೆಗಳಿಗೆ ಕಳಿಸುವುದಕ್ಕೂ ಫೋಟೋ ಬೇಕು.

ಕೈಯಲ್ಲಿರುವುದು ನಿಕಾನ್ ಡಿ5600 ಕ್ಯಾಮೆರಾ, ಅದರ ಜೊತೆ ಬಂದ ಎಎಫ್-ಪಿ 18-55 ಜೂಮ್ ಲೆನ್ಸ್ (ಕಿಟ್ ಲೆನ್ಸ್), ಮತ್ತೆ ಹಳೆಯ 50 ಎಂಎಂ ಎಫ್ 1.8ಡಿ. ಈ 50 ನನ್ನ ಬಾಡಿಯಲ್ಲಿ ಆಟೋಫೋಕಸ್ ಆಗುವುದೇ ಇಲ್ಲ. ಒಂದು ಲೆನ್ಸ್ ತೆಗೆದುಕೊಳ್ಳುವಷ್ಟು ದುಡ್ಡು ಉಂಟು, ಎರಡಕ್ಕೆ ಇಲ್ಲ. ಎಎಫ್-ಪಿ ಡಿಎಕ್ಸ್ 70-300 ವಿಆರ್ ತೆಗೆದುಕೊಂಡು ದೂರದಿಂದ ಯಾರಿಗೂ ತೊಂದರೆಯಾಗದ ಹಾಗೆ ತೆಗೆಯಲಾ, ಅಥವಾ ಡಿಎಕ್ಸ್ 35 ಎಂಎಂ ಎಫ್ 1.8ಜಿ ತೆಗೆದುಕೊಳ್ಳಲಾ? ಸೆಟ್ಟಿಂಗ್ ಬಗ್ಗೆಯೂ ಹೇಳಿ.

ಕೊಡಿಯಾಲ್‌ಬೈಲ್_ನೋಟ

35 ಎಫ್ 1.8ಜಿ ತೆಗೆದುಕೊಳ್ಳಿ. ಆದರೆ ಅದು ಕತ್ತಲಿಗೆ, ಎಫ್ ಅಂಕಿ ಸಣ್ಣದಾದಷ್ಟು ಲೆನ್ಸ್ ಹೆಚ್ಚು ಬೆಳಕು ಬಿಡುತ್ತದೆ. ಹಗಲಿನ ಜಾಥಾಕ್ಕೆ ನಿಮ್ಮ 18-55 ಸರಿಯಾದ ಲೆನ್ಸ್. 70-300 ಈ ಕೆಲಸಕ್ಕೆ ಮೂರನೆಯದು.

ಯಾಕೆ ಅಂದರೆ, ಲೆನ್ಸ್ ಆರಿಸುವ ಮೊದಲು ನೀವು ಎಷ್ಟು ಅಡಿ ದೂರದಲ್ಲಿ ನಿಲ್ಲುತ್ತೀರಿ ಎಂದು ನಿಶ್ಚಯ ಆಗಬೇಕು. ಲೆಕ್ಕ ಸುಲಭ. ನಿಮ್ಮ ಸೆನ್ಸರಿನ ಅಗಲ 23.5 ಎಂಎಂ. ಅದನ್ನು ಲೆನ್ಸಿನ ಎಂಎಂನಿಂದ ಭಾಗಿಸಿ, ಬಂದದ್ದನ್ನು ದೂರಕ್ಕೆ ಗುಣಿಸಿದರೆ ಫ್ರೇಮಿನಲ್ಲಿ ಎಷ್ಟು ಅಗಲ ಹಿಡಿಯುತ್ತದೆ ಎಂದು ಸಿಗುತ್ತದೆ. 24ರಲ್ಲಿ ದೂರ ಎಷ್ಟೋ ಅಗಲವೂ ಹೆಚ್ಚುಕಡಿಮೆ ಅಷ್ಟೇ. 18ರಲ್ಲಿ ದೂರದ 1.3 ಪಟ್ಟು. 35ರಲ್ಲಿ ಮೂರನೇ ಎರಡು ಭಾಗ. 300ರಲ್ಲಿ ನೂರು ಅಡಿ ಆಚೆ ನಿಂತರೆ ಕಾಣುವುದು ಎಂಟು ಅಡಿಗೂ ಕಡಿಮೆ.

ಇದನ್ನು ಬ್ಯಾನರಿಗೆ ಹಾಕಿ ನೋಡಿ. ಜಾಥಾದ ಮುಂದಿನ ಬ್ಯಾನರ್ 12 ಅಡಿ ಅಂತ ಇಟ್ಟುಕೊಳ್ಳಿ, ಹಿಡಿಯಲು ಐದಾರು ಜನ. ಪೂರ್ತಿ ಬ್ಯಾನರ್ ಬರಲು 35ಕ್ಕೆ 18 ಅಡಿ ಹಿಂದೆ ನಿಲ್ಲಬೇಕು, 18ಕ್ಕೆ 9 ಅಡಿ ಸಾಕು. ಆ 18 ಅಡಿ ಜಾಗ ನಿಮಗೆ ಖಾಲಿ ಸಿಗುವುದಿಲ್ಲ ಮಾರಾಯ್ರೆ. ವೀಡಿಯೋದವರು, ಮೊಬೈಲ್ ಹಿಡಿದವರು, ದಾರಿ ಬಿಡಿಸುವ ಪೊಲೀಸರು, ಎಲ್ಲ ಅದೇ ಜಾಗಕ್ಕೆ ನುಗ್ಗುತ್ತಾರೆ. 9 ಅಡಿಯಲ್ಲಿದ್ದರೆ ನಿಮ್ಮ ಮತ್ತು ಬ್ಯಾನರಿನ ನಡುವೆ ಯಾರೂ ಬರಲಾರರು.

ಇನ್ನು "ದೂರದಿಂದ ತೊಂದರೆಯಾಗದ ಹಾಗೆ" ಅನ್ನುವ ಮಾತು. ನನಗೆ ಅದು ತಿರುಗಾಮುರುಗಾ ಅನ್ನಿಸುತ್ತದೆ. 9 ಅಡಿಯಲ್ಲಿ ನಿಂತವನು ಎದುರಿನವರಿಗೆ ಕಾಣುತ್ತಾನೆ. ಬೇಡ ಅನ್ನಿಸಿದರೆ ಅವರು ಕೈ ಅಡ್ಡ ಹಿಡಿಯಬಹುದು, ಮುಖ ತಿರುಗಿಸಬಹುದು, ಬಾಯಿಬಿಟ್ಟು ಹೇಳಬಹುದು. ನೂರು ಅಡಿ ಆಚೆಯಿಂದ 300ರಲ್ಲಿ ತೆಗೆದರೆ ಆ ಅವಕಾಶವೇ ಇಲ್ಲ. ಹಕ್ಕು ಕೇಳಲು ಬೀದಿಗಿಳಿದವರಿಂದ ಅದೊಂದು ಹಕ್ಕನ್ನು ನಾವು ಕಿತ್ತುಕೊಳ್ಳಬಾರದು.

ಟೆಲಿಗೆ, ಅಂದರೆ ದೂರದ್ದನ್ನು ಹತ್ತಿರ ತರುವ ಲೆನ್ಸಿಗೆ, ಇನ್ನೊಂದು ದೋಷ ಉಂಟು, ಜನಸಂಖ್ಯೆಯದ್ದು. ಬಾವುಟಗುಡ್ಡೆಯ ಬದಿಯಿಂದ ಹಂಪನಕಟ್ಟೆಗೆ ಇಳಿಯುವ ರಸ್ತೆಯಲ್ಲಿ ಕೆಳಗೆ ನಿಂತು 200ರಲ್ಲಿ ತೆಗೆದರೆ ಐವತ್ತು ಜನ ಐನೂರರ ಹಾಗೆ ಒತ್ತಿಕೊಂಡು ಕಾಣುತ್ತಾರೆ. 18ರಲ್ಲಿ ರಸ್ತೆ ಮಧ್ಯದಿಂದ ತೆಗೆದರೆ ಐನೂರು ಜನವೂ ಚೆದುರಿದ ಹಾಗೆ ಕಾಣುತ್ತಾರೆ. ಎರಡೂ ಸುಳ್ಳು ಹೇಳಬಲ್ಲವು. ಒಂದು ಎತ್ತರದ ಜಾಗದಿಂದ, ಮೆಟ್ಟಿಲೋ ಕಾಂಪೌಂಡೋ ಸಾಕು, 35ರ ಆಸುಪಾಸಿನಲ್ಲಿ ಇಡೀ ಸಾಲು ಕಾಣುವ ಒಂದು ಫ್ರೇಮ್ ತೆಗೆದಿಡಿ. ಜನರನ್ನು ಲೆಕ್ಕ ಹಾಕಲು ಅದೇ ಆಧಾರ. ಸಡಿಲವಾಗಿ ನಿಂತ ಗುಂಪಿನಲ್ಲಿ ಒಬ್ಬರಿಗೆ ಸುಮಾರು 10 ಚದರಡಿ, ಒತ್ತಾಗಿ ನಿಂತರೆ ನಾಲ್ಕೂವರೆ. ರಸ್ತೆಯ ಅಗಲ 30 ಅಡಿ, ಸಾಲಿನ ಉದ್ದ 100 ಅಡಿ ಇದ್ದರೆ ಸಡಿಲ ಲೆಕ್ಕದಲ್ಲಿ 300 ಜನ. ನಡೆಯುವಾಗ ನಡುವೆ ಖಾಲಿ ಬಿಡುವುದರಿಂದ ಅದಕ್ಕೂ ಕಡಿಮೆಯೇ ಇರುತ್ತದೆ.

ಬೆಳಕಿನ ವಿಷಯ. ಜ್ಯೋತಿಯಿಂದ ಹಂಪನಕಟ್ಟೆಗೆ ದಾರಿ ಬಹುಮಟ್ಟಿಗೆ ಪಡುವಣಕ್ಕೆ. ಸಂಜೆಯ ಬಿಸಿಲು ನಡೆಯುವವರ ಮುಖಕ್ಕೆ ನೇರ ಬೀಳುತ್ತದೆ, ನಿಮ್ಮ ಬೆನ್ನಿಗೆ ಸೂರ್ಯ. ಮುಖಗಳಿಗೆ ಒಳ್ಳೆಯದು, ಆದರೆ ಅಲ್ಲೇ ಒಂದು ಕಂಟಕ: ನಿಮ್ಮದೇ ನೆರಳು. ಆ ವಾರದಲ್ಲಿ ಸೂರ್ಯಾಸ್ತ 6:40ರ ಆಸುಪಾಸು. ನಾಲ್ಕೂವರೆಯ ಹೊತ್ತಿಗೆ ಸೂರ್ಯ 30 ಡಿಗ್ರಿಗೆ ಇಳಿದಿರುತ್ತದೆ, ಐದೂವರೆ ಅಡಿ ಆಳಿನ ನೆರಳು ಒಂಬತ್ತೂವರೆ ಅಡಿ ಉದ್ದ. ಅಂದರೆ 9 ಅಡಿಯಲ್ಲಿ ನಿಂತರೆ ನಿಮ್ಮ ತಲೆಯ ನೆರಳು ಸೀದಾ ಬ್ಯಾನರಿನ ಬುಡದಲ್ಲಿ. ಆಗ ನಡುವೆ ನಿಲ್ಲಬೇಡಿ. ರಸ್ತೆಯ ಒಂದು ಬದಿಗೆ ಸರಿದು ಓರೆಯಾಗಿ ತೆಗೆಯಿರಿ, ನೆರಳು ಫ್ರೇಮಿನ ಅಂಚಿಗೆ ಹೋಗುತ್ತದೆ. ಬ್ಯಾನರಿನ ಅಕ್ಷರ ಓರೆಯಲ್ಲೂ ಓದಲು ಬರುತ್ತದೆ. ಫ್ಲೆಕ್ಸ್ ಹೊಳೆಯುವ ಜಾತಿಯದ್ದಾದರೆ ಓರೆಯೇ ವಾಸಿ, ನೇರದಲ್ಲಿ ಬಿಸಿಲು ಪ್ರತಿಫಲಿಸಿ ಅಕ್ಷರ ಬೆಳ್ಳಗಾಗುತ್ತದೆ.

ಸೆಟ್ಟಿಂಗ್: ಎಂ (ಮ್ಯಾನುವಲ್) ಮೋಡ್, ಶಟರ್ 1/500 ಸೆಕೆಂಡು, ಎಫ್ 5.6, ಆಟೋ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಗರಿಷ್ಠ 3200. ನಡೆಯುವವರಿಗೆ 1/250 ಸಾಕಾಗುತ್ತದೆ, ಆದರೆ ಘೋಷಣೆಗೆ ಮೇಲೆದ್ದ ಕೈ ಅದರಲ್ಲಿ ಮಂಜಾಗುತ್ತದೆ. ಹಂಪನಕಟ್ಟೆಯ ಕಟ್ಟಡಗಳ ನೆರಳಿಗೆ ಬಂದಾಗ ಬೆಳಕು ಮೂರು ಸ್ಟಾಪ್, ಅಂದರೆ ಎಂಟರಲ್ಲೊಂದು ಪಾಲಿಗೆ, ಇಳಿಯಬಹುದು, ಆಟೋ ಐಎಸ್‌ಒ ಅದನ್ನು ನೋಡಿಕೊಳ್ಳುತ್ತದೆ. ಅಕ್ಷರ ಓದಬೇಕಾದ ಭಿತ್ತಿಪತ್ರ ಇದ್ದರೆ ಎಫ್ 8ಕ್ಕೆ ಹೋಗಿ. ಮುಖವೂ ಪತ್ರವೂ ಒಂದೇ ಸಮತಲದಲ್ಲಿ ಇರುವುದಿಲ್ಲ, ಎಫ್ ಅಂಕಿ ಏರಿಸಿದರೆ ಎರಡೂ ಸ್ಪಷ್ಟ ಬರುತ್ತವೆ.

ಆಟೋ ಏರಿಯಾ ಫೋಕಸ್ ಬಿಟ್ಟುಬಿಡಿ. ಅದು ಸಾಧಾರಣವಾಗಿ ಹತ್ತಿರದ್ದನ್ನೇ ಹಿಡಿಯುತ್ತದೆ, ಜಾಥಾದಲ್ಲಿ ಹತ್ತಿರದ್ದು ಯಾವಾಗಲೂ ಬಾವುಟ ಅಥವಾ ಎತ್ತಿದ ಮುಷ್ಟಿ. ಎಎಫ್-ಸಿ (ನಿರಂತರ ಫೋಕಸ್), ಸಿಂಗಲ್ ಪಾಯಿಂಟ್, ಕಣ್ಣಿನ ಮೇಲೆ. ಎಇ-ಎಲ್ ಬಟನ್ನಿಗೆ ಎಎಫ್-ಆನ್ (ಫೋಕಸ್ ಮಾಡುವ) ಕೆಲಸ ಕೊಟ್ಟುಕೊಂಡರೆ ಶಟರ್ ಒತ್ತಿದಾಗಲೆಲ್ಲ ಫೋಕಸ್ ಜಿಗಿಯುವ ತಾಪತ್ರಯ ಇಲ್ಲ.

ಹಿಂದೆ ಹಿಂದೆ ನಡೆಯುತ್ತಾ ತೆಗೆಯಬೇಡಿ. ಚರಂಡಿ ಕಲ್ಲು, ಡಿವೈಡರ್, ನಿಂತ ಬೈಕು. ಸಾಲಿನಿಂದ ನಲವತ್ತು ಐವತ್ತು ಅಡಿ ಮುಂದೆ ಓಡಿ, ನಿಲ್ಲಿ, ಅವರು ನಿಮ್ಮತ್ತ ಬರಲಿ, ಬ್ಯಾನರ್ 9 ಅಡಿಗೆ ಬಂದಾಗ ನಾಲ್ಕೈದು ಫ್ರೇಮ್, ಆಮೇಲೆ ಬದಿಗೆ ಸರಿದು ಇಡೀ ಸಾಲು ದಾಟಿ ಹೋಗಲು ಬಿಡಿ. ಸಾಲಿನ ಬಾಲವನ್ನು ಯಾರೂ ತೆಗೆಯುವುದಿಲ್ಲ. ಕಂಕುಳಲ್ಲಿ ಮಗು ಎತ್ತಿಕೊಂಡವರು, ಕಾಲುನೋವಿನ ಅಜ್ಜಿಯರು, ನೀರು ಹಂಚುವವರು ಎಲ್ಲ ಅಲ್ಲಿಯೇ ಇರುವುದು.

ಅಜ್ಜರಕಾಡು_ಛಾಯೆ

ಮೇಲಿನವರ ಮಾತಿಗೆ ಒಂದು ತಿದ್ದುಪಡಿ. 18ರಲ್ಲಿ ಅಂಚಿಗೆ ಬಂದ ಮುಖ ಹಿಗ್ಗುತ್ತದೆ. ಬ್ಯಾನರ್ ಹಿಡಿದ ಎಡತುದಿ ಬಲತುದಿಯವರ ಕೆನ್ನೆ, ಹಣೆ ಎಳೆದ ಹಾಗಾಗುತ್ತದೆ. ಅದು ಮರುದಿನ ಪತ್ರಿಕೆಯಲ್ಲಿ ಬಂದರೆ ಅವರಿಗೆ ಬೇಸರ, ನ್ಯಾಯವೂ ಅಲ್ಲ. ಜೂಮನ್ನು 22-24ಕ್ಕೆ ಇಟ್ಟು ಎರಡು ಹೆಜ್ಜೆ ಹಿಂದೆ ಹೋಗಿ. 18 ಬೇಕೇಬೇಕು ಎಂದಾದರೆ ಅಂಚಿನಲ್ಲಿ ಬ್ಯಾನರಿನ ಕೋಲು ಬರಲಿ, ಮುಖ ಬೇಡ. ಕ್ಯಾಮೆರಾ ಎದೆಯ ಮಟ್ಟದಲ್ಲಿ ನೇರ ಇರಲಿ. ಕೆಳಗಿನಿಂದ ಮೇಲಕ್ಕೆ ವಾಲಿಸಿದರೆ ಗಲ್ಲ ದೊಡ್ಡದು, ತಲೆ ಸಣ್ಣದು.

ಧರಣಿ ಕೂತಾಗ ನೀವೂ ನೆಲಕ್ಕೆ ಕೂತುಕೊಳ್ಳಿ. ಇದು ಲೆನ್ಸಿಗಿಂತ ದೊಡ್ಡ ವಿಷಯ. ನಿಂತವನು ಕೂತವರನ್ನು ತೆಗೆದರೆ ಬರುವುದು ಬೈತಲೆ ಮತ್ತು ನೆಲ. ಅವರು ಬೇಡುತ್ತಿರುವ ಹಾಗೆ ಕಾಣುತ್ತದೆ. ಅವರು ಬೇಡಲು ಕೂತದ್ದಲ್ಲ. ಕಣ್ಣಿನ ಮಟ್ಟದಲ್ಲಿ ಐದಾರು ಅಡಿ ದೂರದಿಂದ 35ರಲ್ಲಿ ತೆಗೆದರೆ ಸೊಂಟದಿಂದ ಮೇಲಕ್ಕೆ ಇಬ್ಬರು ಸರಿಯಾಗಿ ಕೂರುತ್ತಾರೆ, ಯಾರ ಮೂಗೂ ದೊಡ್ಡದಾಗುವುದಿಲ್ಲ.

ಪುರಭವನದ ಎದುರು ಅಂದಿರಿ. ಕಟ್ಟಡದ ಹೆಸರು ಓದಲು ಬರುವ ಒಂದು ಅಗಲ ಫ್ರೇಮ್ ಖಂಡಿತ ತೆಗೆಯಿರಿ. ಅದು ಕುದ್ಮುಲ್ ರಂಗರಾವ್ ಅವರ ಹೆಸರಿನ ಪುರಭವನ. 1897ರಲ್ಲಿ ಇದೇ ಮಂಗಳೂರಲ್ಲಿ ದಲಿತರ ಶಿಕ್ಷಣಕ್ಕೆ, ಏಳಿಗೆಗೆ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದವರು ಅವರು. ಸಮಾನತೆ ಕೇಳಿ ಕೂತವರ ಹಿಂದೆ ಆ ಹೆಸರು ಇದ್ದರೆ ಚಿತ್ರಕ್ಕೆ ಬೇರೆ ವಿವರಣೆ ಬೇಡ.

ಜನರ ತಲೆ ಮೇಲಿನಿಂದ ತೆಗೆಯುವ ವಿಧಾನವನ್ನೂ ಕಲಿತಿರಿ. ಡಿ5600ರ ತಿರುಗುವ ಸ್ಕ್ರೀನಿನಲ್ಲಿ ನೋಡಿ ತೆಗೆಯಬಹುದು, ಆದರೆ ಲೈವ್ ವ್ಯೂನಲ್ಲಿ ಓಡಾಡುವವರ ಮೇಲೆ ಫೋಕಸ್ ನಿಧಾನ. ಅದಕ್ಕೆ ಹೀಗೆ ಮಾಡಿ: 18 ಎಂಎಂ, ಎಫ್ 8. ಆರೂವರೆ ಅಡಿ ದೂರದಲ್ಲಿ ನಿಂತ ಯಾರ ಮೇಲಾದರೂ ಫೋಕಸ್ ಮಾಡಿ, ಆಮೇಲೆ ಎಂಎಫ್‌ಗೆ (ಕೈಯಲ್ಲಿ ತಿರುಗಿಸುವ ಫೋಕಸ್) ಬದಲಿಸಿ. ನಿಮ್ಮ ಲೆನ್ಸಿನ ಮೈಮೇಲೆ ಸ್ವಿಚ್ ಇಲ್ಲ, ದೂರದ ಗುರುತೂ ಇಲ್ಲ, ಬಾಡಿಯ ಮೆನುವಿನಲ್ಲೇ ಬದಲಿಸಬೇಕು. ಈಗ ಮೂರು ಮೂರೂವರೆ ಅಡಿಯಿಂದ ಕಣ್ಣು ಹಾಯುವವರೆಗೆ ಎಲ್ಲ ಸ್ಪಷ್ಟ. ಕೈ ಎತ್ತಿ ಒತ್ತುತ್ತಾ ಹೋಗಿ. ನಡುವೆ ಕ್ಯಾಮೆರಾ ಆಫ್ ಮಾಡಿ ಆನ್ ಮಾಡಿದರೆ ಎಎಫ್-ಪಿ ಲೆನ್ಸಿನಲ್ಲಿ ಫೋಕಸ್ ಜಾಗ ತಪ್ಪಬಹುದು, ಹಾಗಾಗಿ ಮತ್ತೊಮ್ಮೆ ಹೊಂದಿಸಿ.

ಮೇಣದಬತ್ತಿ. ಇಲ್ಲಿ 35 ಎಫ್ 1.8 ತನ್ನ ದುಡ್ಡು ದುಡಿಯುತ್ತದೆ. ಎದೆಯ ಮಟ್ಟದಲ್ಲಿ ಹಿಡಿದ ಬತ್ತಿಯ ಬೆಳಕು ಮುಖಕ್ಕೆ ಬೀಳುವಾಗ ಐಎಸ್‌ಒ 3200, ಎಫ್ 1.8, 1/125ರಿಂದ ಶುರು ಮಾಡಿ. ಅದೇ ಬೆಳಕಿಗೆ ಕಿಟ್ ಲೆನ್ಸ್ 55ರಲ್ಲಿ ಎಫ್ 5.6 ಮಾತ್ರ ಕೊಡುತ್ತದೆ, ಶಟರ್ 1/13ಕ್ಕೆ ಇಳಿಯುತ್ತದೆ. ವಿಆರ್ ನಿಮ್ಮ ಕೈನಡುಕ ತಡೆಯುತ್ತದೆ, ಎದುರಿನವರ ಉಸಿರಾಟ ತಡೆಯುವುದಿಲ್ಲ. ಕ್ಯಾಮೆರಾ ಸುತ್ತಲಿನ ಕತ್ತಲೆ ನೋಡಿ ಜಾಸ್ತಿ ಬೆಳಕು ಕೊಟ್ಟು ಜ್ವಾಲೆ, ಮುಖ ಎರಡನ್ನೂ ಬಿಳುಪು ಮಾಡುತ್ತದೆ, ಆದ್ದರಿಂದ ಎಂ ಮೋಡ್‌ನಲ್ಲಿ ಆಟೋ ಐಎಸ್‌ಒ ಆಫ್ ಮಾಡಿ ಕೈಯಲ್ಲೇ ಇಡಿ. ಬೆಳಕಿನ ಬಣ್ಣವನ್ನು ಅಂಕಿಯಲ್ಲಿ ಕೊಡುವ ಕೆಲ್ವಿನ್ ಆಯ್ಕೆ ಡಿ5600ರಲ್ಲಿ ಇಲ್ಲ. ವೈಟ್ ಬ್ಯಾಲೆನ್ಸ್ ಇನ್‌ಕ್ಯಾಂಡಿಸೆಂಟ್‌ಗೆ ಇಟ್ಟು ರಾ (ಆಮೇಲೆ ತಿದ್ದಲು ಬರುವ ಮೂಲ ಫೈಲ್) ತೆಗೆಯಿರಿ, ಕೇಸರಿ ಛಾಯೆ ಸ್ವಲ್ಪ ಉಳಿಯಲಿ, ಪೂರ್ತಿ ಬೆಳ್ಳಗೆ ಮಾಡಿದರೆ ಮೇಣದಬತ್ತಿಯೇ ಟ್ಯೂಬ್‌ಲೈಟ್ ಆಗುತ್ತದೆ.

ವೇದಿಕೆಯ ಎಲ್‌ಇಡಿ ದೀಪದಲ್ಲಿ ಚಿತ್ರಕ್ಕೆ ಅಡ್ಡಪಟ್ಟಿ ಬಿದ್ದರೆ ಶಟರ್ 1/100 ಅಥವಾ 1/50ಕ್ಕೆ ತನ್ನಿ. ನಮ್ಮ ಕರೆಂಟು 50 ಹರ್ಟ್ಸ್, ಅದಕ್ಕೆ ಕಟ್ಟುಬಿದ್ದ ದೀಪ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. ಮೆನುವಿನಲ್ಲಿರುವ ಫ್ಲಿಕರ್ ರಿಡಕ್ಷನ್ ಈ ಬಾಡಿಯಲ್ಲಿ ಲೈವ್ ವ್ಯೂ, ವೀಡಿಯೋಗೆ ಮಾತ್ರ.

ಫ್ಲ್ಯಾಶ್ ಬೇಡವೇ ಬೇಡ. ಬತ್ತಿ ಹಚ್ಚಿ ಮೌನ ನಿಂತವರ ಮುಖಕ್ಕೆ ಹೊಡೆಯುವುದು ಸರಿಯಲ್ಲ.

ಪಾಂಡೇಶ್ವರ_ಫ್ರೇಮ್

ತುಂಬ ಉಪಕಾರ. 35 ಎಂದು ನಿಶ್ಚಯ ಮಾಡಿದೆ. ಎರಡು ಸಂಶಯ. ಹಳೆಯ 50 ಡಿ ಅನ್ನು ಮನೆಯಲ್ಲೇ ಬಿಡಲಾ? ಮತ್ತೆ ಜಾಥಾಕ್ಕೆ ಬರುವ ಕೆಲವರು ಮನೆಯಲ್ಲಿ ಹೇಳದೆ ಬರುತ್ತಾರಂತೆ. ಅವರ ಮುಖ ಹೇಗೆ ತಪ್ಪಿಸುವುದು? ಎಡಿಟಿಂಗ್‌ನಲ್ಲಿ ಬ್ಲರ್ ಮಾಡಿದರೆ ಆಯಿತಾ?

ಕೊಡಿಯಾಲ್‌ಬೈಲ್_ನೋಟ

50 ತನ್ನಿ. ಡಿ5600ರ ಒಳಗೆ ಫೋಕಸ್ ಮೋಟಾರ್ ಇಲ್ಲ, ನಿಮ್ಮ ಈ 50 ಡಿ ಒಳಗೂ ಇಲ್ಲ, ತಿರುಗಿಸುವವರು ಯಾರೂ ಇಲ್ಲದ್ದರಿಂದ ಆಟೋ ಆಗುವುದಿಲ್ಲ, ಅಷ್ಟೇ. ಬೆಳಕಿನ ಅಳತೆ ಸರಿಯಾಗಿ ಕೆಲಸ ಮಾಡುತ್ತದೆ. ಅಪರ್ಚರ್ ರಿಂಗನ್ನು 22ಕ್ಕೆ ತಿರುಗಿಸಿ ಲಾಕ್ ಮಾಡಿ, ಇಲ್ಲದಿದ್ದರೆ ಎರರ್ ತೋರಿಸುತ್ತದೆ. ಕೈಯಲ್ಲಿ ಫೋಕಸ್ ತಿರುಗಿಸುತ್ತಾ ವ್ಯೂಫೈಂಡರಿನ ಎಡಕೆಳಗಿನ ಹಸಿರು ಚುಕ್ಕೆ ನಿಂತಾಗ ಒತ್ತಿ. ವೇದಿಕೆಯಲ್ಲಿ ಮಾತಾಡುವವರು, ಬತ್ತಿ ಹಿಡಿದು ನಿಂತವರು ಅಲುಗಾಡುವುದು ಕಡಿಮೆ, ಎಫ್ 2.8ಕ್ಕೆ ಇಟ್ಟರೆ ಗುರಿ ತಪ್ಪುವುದೂ ಕಡಿಮೆ. ನಡೆಯುವವರಿಗೆ ಅದು ಆಗದು.

ಕುದ್ರೋಳಿ_ದಾಖಲೆ

ಎರಡನೇ ಸಂಶಯಕ್ಕೆ ನಾನು ಹೇಳುತ್ತೇನೆ, ಇದನ್ನು ಜಾಥಾ ಹೊರಡುವ ಮೊದಲೇ ಮುಗಿಸಬೇಕು. ಆಮೇಲೆ ಬ್ಲರ್ ಮಾಡುವ ಮಾತು ಕೊನೆಯ ದಾರಿ.

ಜ್ಯೋತಿಯಲ್ಲಿ ಜನ ಸೇರುವಾಗ ಅರ್ಧ ಗಂಟೆ ಮುಂಚೆ ಹೋಗಿ. ಸಂಘಟಕರ ಮೈಕಿನಲ್ಲೇ ಒಂದು ಮಾತು ಹೇಳಿಸಿ: ಇಂಥವರು ಫೋಟೋ ತೆಗೆಯುತ್ತಾರೆ, ಇಂಥಿಂಥ ಕಡೆ ಹೋಗುತ್ತದೆ, ಬೇಡದವರು ಸಾಲಿನ ಎಡಬದಿಯಲ್ಲಿ ನಡೆಯಿರಿ. ನೀವು ಬಲಬದಿಯಿಂದ ಮಾತ್ರ ತೆಗೆಯಿರಿ. ಬಣ್ಣದ ರಿಬ್ಬನ್ ಹಂಚುವ ಕ್ರಮವೂ ಉಂಟು, ಆದರೆ ನೂಕುನುಗ್ಗಲಿನಲ್ಲಿ ರಿಬ್ಬನ್ ಕಾಣುವುದಿಲ್ಲ. ಬದಿ ಹಂಚುವುದು ಗಟ್ಟಿ. ತುಳು, ಬ್ಯಾರಿ, ಕೊಂಕಣಿಯಲ್ಲೂ ಹೇಳಿಸಿ. ಕನ್ನಡದಲ್ಲಿ ಮಾತ್ರ ಹೇಳಿದರೆ ಮುಟ್ಟಬೇಕಾದ ಕೆಲವರಿಗೆ ಮುಟ್ಟುವುದಿಲ್ಲ.

ಆದರೂ ಮುಖ ಬಂದುಬಿಟ್ಟರೆ ಬ್ಲರ್ ನಂಬಬೇಡಿ. ಹಗುರ ಬ್ಲರ್, ಚೌಕಚೌಕ ಪಿಕ್ಸೆಲ್ ಎರಡರಲ್ಲೂ ಗುರುತು ಉಳಿಯುತ್ತದೆ, ಬಟ್ಟೆ ನಿಲುವು ನೋಡಿಯೇ ಮನೆಯವರು ಹಿಡಿಯುತ್ತಾರೆ. ಒಂದೇ ಬಣ್ಣದ ಗಟ್ಟಿ ಪಟ್ಟಿ ಹಾಕಿ, ಲೇಯರ್ ಒಟ್ಟುಗೂಡಿಸಿ, ಹೊಸ ಜೆಪಿಇಜಿ ಮಾಡಿ. ಅದಕ್ಕಿಂತ ಒಳ್ಳೆಯದು ಆ ಫ್ರೇಮನ್ನೇ ಕೊಡದಿರುವುದು. ಮುಖವಿಲ್ಲದೆಯೂ ಹೇಳಬಹುದಾದದ್ದು ಬೇಕಷ್ಟಿದೆ: ಬೀಡಿ ಎಲೆ ಕತ್ತರಿಸಿ ಗಟ್ಟಿಯಾದ ಬೆರಳುಗಳು ಭಿತ್ತಿಪತ್ರ ಹಿಡಿದದ್ದು, ಬೆನ್ನ ಹಿಂದಿನ ಸಾಲು, ಒಟ್ಟಿಗೆ ಬಿಟ್ಟ ಚಪ್ಪಲಿಗಳು. ನಿಮ್ಮ 35 ಒಂದು ಅಡಿಯವರೆಗೆ ಹತ್ತಿರ ಹೋಗುತ್ತದೆ, ಕೈಗಳಿಗೆ ಅದು ಸಾಕು.

ಕಾನೂನು ಬೇಡ ಅನ್ನುವ ಕಡೆ ಆಯ್ಕೆಯೇ ಇಲ್ಲ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಹೊರಹಾಕುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಲ್ಲಿ ಅಪರಾಧ. ಅಪರಾಧಕ್ಕೆ ಬಲಿಯಾದ ಅಥವಾ ಸಾಕ್ಷಿಯಾದ ಮಕ್ಕಳ ಗುರುತಿಗೆ ಬಾಲನ್ಯಾಯ ಕಾಯ್ದೆ 2015ರ 74ನೇ ಕಲಂ ತಡೆ ಹಾಕಿದೆ. ಯಾವುದಾದರೂ ಪ್ರಕರಣದ ನ್ಯಾಯಕ್ಕಾಗಿ ಮನೆಯವರು ಸಾಲಿನಲ್ಲಿ ನಡೆಯುತ್ತಿದ್ದರೆ ಅವರ ಮುಖದಿಂದಲೂ ಗುರುತು ಹೊರಬೀಳುತ್ತದೆ, ಅದನ್ನು ಸಂಘಟಕರಿಂದ ಮೊದಲೇ ಕೇಳಿಟ್ಟುಕೊಳ್ಳಿ.

ಲೊಕೇಶನ್: ನಿಕಾನಿನ ಸ್ನ್ಯಾಪ್‌ಬ್ರಿಡ್ಜ್ ಆ್ಯಪ್ ಫೋನಿನಿಂದ ಜಾಗದ ಮಾಹಿತಿ ಫೋಟೋಗೆ ಹಾಕುತ್ತದೆ. ಆ ದಿನ ಆಫ್ ಮಾಡಿ, ಬ್ಯಾಟರಿಯೂ ಉಳಿಯುತ್ತದೆ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಈ ಮಾಹಿತಿ ಕಳಚಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಉಳಿಯುತ್ತದೆ. ಪತ್ರಿಕೆಗೆ ದೊಡ್ಡ ಸೈಜ್ ಬೇಕೆಂದು ಎಲ್ಲರೂ ಡಾಕ್ಯುಮೆಂಟ್ ಮಾಡುತ್ತಾರೆ, ತಪ್ಪುವುದು ಅಲ್ಲಿಯೇ.

ಇನ್ನೊಂದು ವಿಷಯ, ನನಗೆ ಮುಖ್ಯ ಅನ್ನಿಸುವುದು. ಕೊರಗ ಸಮುದಾಯದವರು ಡೋಲು ಹಿಡಿದು ಬಂದರೆ ಎಲ್ಲ ಕ್ಯಾಮೆರಾಗಳೂ ಅತ್ತ ಓಡುತ್ತವೆ. 1/30ರಲ್ಲಿ ಕೈ ಮಂಜಾಗಿ, ಡೋಲು ನಿಂತ ಹಾಗೆ ಚಂದದ ಚಿತ್ರ ಬರುತ್ತದೆ, ನಿಜ. ಆದರೆ ಅಜಲು ಪದ್ಧತಿಯ ಹೆಸರಲ್ಲಿ ಅವರಿಂದ ಬಲವಂತದ ಚಾಕರಿ ಮಾಡಿಸುತ್ತಿದ್ದ ಚರಿತ್ರೆ ಈ ಜಿಲ್ಲೆಗಳದ್ದು. ಅದನ್ನು ನಿಷೇಧಿಸುವ ಕಾಯ್ದೆ ರಾಜ್ಯದಲ್ಲಿ ಬಂದದ್ದು 2000ದಲ್ಲಿ. ಇಂದು ಅವರು ಡೋಲು ಬಾರಿಸುವುದು ಸ್ವಂತ ಇಚ್ಛೆಯಿಂದ, ಹಕ್ಕಿನ ಮೆರವಣಿಗೆಯಲ್ಲಿ. ಹೆಸರು ಕೇಳಿ, ಒಪ್ಪಿದರೆ ಮುಖವೂ ಭಿತ್ತಿಪತ್ರವೂ ಡೋಲಿನ ಜೊತೆ ಬರುವ ಹಾಗೆ 24ರಲ್ಲಿ ತೆಗೆಯಿರಿ. "ಜನಪದ ಕಲಾವಿದರು" ಎಂದು ಶೀರ್ಷಿಕೆ ಹಾಕಬೇಡಿ. ಅವರು ಬೇಡಿಕೆ ಇಟ್ಟವರು, ಬೇಡಿಕೆಯನ್ನೇ ಬರೆಯಿರಿ.

ಪೊಲೀಸರ ವಿಷಯ ಚಿಕ್ಕದಾಗಿ: ಮಂಗಳೂರಲ್ಲಿ ಅನುಮತಿ ಕಮಿಷನರೇಟಿನದ್ದು. ಅದರ ಪ್ರತಿಯ ಫೋಟೋ ನಿಮ್ಮ ಮೊಬೈಲಿನಲ್ಲಿ ಇರಲಿ, ದಾರಿ ಮತ್ತು ಸಮಯ ಅದರಲ್ಲಿ ಬರೆದಿರುತ್ತದೆ. ಹಿಂದಿನ 144 ಈಗ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ, ಆ ಆದೇಶ ಜಾರಿಯಲ್ಲಿದೆಯೇ ಎಂದು ಬೆಳಿಗ್ಗೆಯೇ ನೋಡಿಕೊಳ್ಳಿ. ಬ್ಯಾರಿಕೇಡ್ ಮತ್ತು ಜನರ ನಡುವಿನ ಖಾಲಿ ಜಾಗದಲ್ಲಿ ಮಾತ್ರ ನಿಲ್ಲಬೇಡಿ. ತಳ್ಳಾಟ ಶುರುವಾದರೆ ಎರಡೂ ಕಡೆಯಿಂದ ಒತ್ತುವುದು ಅಲ್ಲಿಗೆ. ಬದಿಯಲ್ಲಿ, ಬೆನ್ನ ಹಿಂದೆ ಒಂದು ಗಲ್ಲಿ ಅಥವಾ ತೆರೆದ ಅಂಗಡಿ ಇರುವ ಹಾಗೆ ನಿಲ್ಲಿ.

ಮಲ್ಪೆ_ಉಪ್ಪುಗಾಳಿ

ಎರಡು ಸಣ್ಣ ಮಾತು ಸೇರಿಸುತ್ತೇನೆ. ಎಸಿ ಕಾರಿನಿಂದ ಇಳಿದು ಸೀದಾ ತೆಗೆಯಲು ಹೋದರೆ ನಮ್ಮ ಕರಾವಳಿಯ ಸೆಕೆಗೆ ಗಾಜು ಮಂಜು ಹಿಡಿಯುತ್ತದೆ, ಒರೆಸಿದರೆ ಮತ್ತೆ ಹಿಡಿಯುತ್ತದೆ. ಕ್ಯಾಮೆರಾವನ್ನು ಬ್ಯಾಗಿನೊಳಗೇ ಮುಚ್ಚಿಟ್ಟು ಅರ್ಧ ಗಂಟೆ ಹೊರಗಿನ ಬಿಸಿಗೆ ಹೊಂದಿಕೊಳ್ಳಲು ಬಿಡಿ. ಜ್ಯೋತಿಗೆ ಅರ್ಧ ಗಂಟೆ ಮುಂಚೆ ಹೋಗಲು ಇದೂ ಒಂದು ಕಾರಣ.

ಡಿ5600ಕ್ಕೆ ಕಾರ್ಡ್ ಜಾಗ ಒಂದೇ. 64 ಜಿಬಿಯ ಒಂದರ ಬದಲು 32ರ ಎರಡು ತನ್ನಿ. ಒಂದರಲ್ಲಿ ರಾ ಸಾವಿರದ ಆಸುಪಾಸು ಹಿಡಿಯುತ್ತದೆ. ಜಾಥಾ ಪುರಭವನ ಮುಟ್ಟಿದ ಕೂಡಲೇ ಮೊದಲನೆಯದನ್ನು ತೆಗೆದು ಒಳಗಿನ ಜೇಬಿಗೆ ಹಾಕಿ, ಆಗಲೇ ಲೆನ್ಸನ್ನೂ 35ಕ್ಕೆ ಬದಲಿಸಿ. ಗಾಳಿಗೆ ಬೆನ್ನು ಕೊಟ್ಟು, ಬಾಡಿಯ ಬಾಯಿ ಕೆಳಗೆ ಮಾಡಿ ಬದಲಿಸಿ. ನೆಹರೂ ಮೈದಾನದ ಧೂಳು ಆ ಹೊತ್ತಿಗೆ ಕಡಲಗಾಳಿಯ ಜೊತೆ ಏಳುತ್ತದೆ.

ಪಾಂಡೇಶ್ವರ_ಫ್ರೇಮ್

ಬಲಬದಿ-ಎಡಬದಿಯ ವಿಷಯ ಸಂಘಟಕರಿಗೆ ಹೇಳಿದೆ, ನಾಲ್ಕೂ ಭಾಷೆಯಲ್ಲಿ ಹೇಳಿಸಲು ಒಪ್ಪಿದ್ದಾರೆ. ಆದರೆ ನಾನು ಬಲಬದಿಯಲ್ಲೇ ಇದ್ದರೆ ನೆರಳು?

ಕೊಡಿಯಾಲ್‌ಬೈಲ್_ನೋಟ

ಈ ಭಾನುವಾರ ನಾಲ್ಕೂವರೆಗೆ ಒಮ್ಮೆ ಆ ದಾರಿಯಲ್ಲಿ ನಡೆದು ನೋಡಿ. ಪಡುವಣಕ್ಕೆ ನಡೆಯುವವರ ಬಲಬದಿ ಅಂದರೆ ಬಡಗು. ಮಾರ್ಚ್ ಮೊದಲ ವಾರದಲ್ಲಿ ಸೂರ್ಯ ನೇರ ಪಡುವಣಕ್ಕಿಂತ ಸ್ವಲ್ಪ ತೆಂಕಿಗೆ ಇರುತ್ತದೆ, ನಿಮ್ಮ ನೆರಳು ಸಾಲಿನ ಒಳಗಲ್ಲ, ಬಡಗಿನ ಅಂಚಿಗೇ ಬೀಳುತ್ತದೆ. ಬಲಬದಿಯೇ ಇರಲಿ.